58 ಲೀಟರಿನ ರೀಫ್ ಟ್ಯಾಂಕ್, ಸಣ್ಣ ಬಜೆಟ್: ಎರಡು ವರ್ಷ ದಾಟಿದ ಮೇಲೆ ಸಾಮಾನು ಸಾಮಾನಿನ ವಿಮರ್ಶೆ

ಇದು ಬೆಂಗಳೂರಿನಲ್ಲಿ ಓಡುತ್ತಿರುವ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ. 24×12×15 ಇಂಚಿನ ಟ್ಯಾಂಕ್, ಮಾಮೂಲಿ ಗಾಜಿನಂಗಡಿಯಲ್ಲಿ ಕಟ್ಟಿಸಿದ್ದು. ಸಂಪ್ (ಕೆಳಗಿಡುವ ಎರಡನೇ ಫಿಲ್ಟರ್ ತೊಟ್ಟಿ) ಇಲ್ಲ, ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ತೆಗೆಯುವ ಸಾಧನ) ಇಲ್ಲ, ಚಿಲ್ಲರ್ (ನೀರು ತಣಿಸುವ ಯಂತ್ರ) ಇಲ್ಲ. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ವಾಚ್‌ಮನ್ ಗೋಬಿ ಮೀನು, ಉಳಿದದ್ದೆಲ್ಲ ಮೃದು ಹವಳ, ಅಂದರೆ ಕಲ್ಲಿನಂಥ ಗೂಡು ಕಟ್ಟದ ಹವಳ. ಜೀವಿಗಳೂ ಸೇರಿ ಆರಂಭದ ಖರ್ಚು ಸುಮಾರು 30 ಸಾವಿರ ರೂಪಾಯಿ. ಎಲ್ಲಿ ಕೈ ಬಿಗಿ ಹಿಡಿಯಬಹುದು, ಎಲ್ಲಿ ಹಿಡಿದರೆ ಟ್ಯಾಂಕೇ ಹೋಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಗಾಜು, ಸ್ಟ್ಯಾಂಡ್, ಫಿಲ್ಟರ್ ಅಗ್ಗದ್ದಾದರೆ ನಡೆಯುತ್ತದೆ. ನೀರು, ಉಪ್ಪು, ಅಳತೆಯ ಸಾಧನ ಅಗ್ಗದ್ದಾದರೆ ನಡೆಯುವುದಿಲ್ಲ.

ಟ್ಯಾಂಕಿನ ಅಳತೆ ಲೆಕ್ಕಕ್ಕೆ 70 ಲೀಟರ್ ಬರುತ್ತದೆ. ಮೇಲೆ ಒಂದಿಂಚು ಬಿಟ್ಟು, 7 ಕೆಜಿ ಕಲ್ಲು, 5 ಕೆಜಿ ಮರಳು ಕಳೆದರೆ ನಿಜವಾದ ನೀರು 58 ಲೀಟರ್. ಮುಂದಿನ ಪ್ರತಿ ಡೋಸೂ ಈ 58ರ ಮೇಲೆಯೇ ಹಾಕಬೇಕು. ಗಾಜು 6 ಎಂಎಂ ತಡೆಯುತ್ತದೆ, 8 ಎಂಎಂ ಆದರೆ ನಿಶ್ಚಿಂತೆ. ಎಲ್ಲ ಸೇರಿ ತೂಕ ಹತ್ತಿರ ಹತ್ತಿರ 90 ಕೆಜಿ. ಕಬ್ಬಿಣದ ಸ್ಟ್ಯಾಂಡಿಗೆ ಪೌಡರ್ ಕೋಟಿಂಗ್ ಇದ್ದರೂ ವೆಲ್ಡಿಂಗ್ ಜಾಗದಲ್ಲಿ ಉಪ್ಪು ಕುಳಿತು ತುಕ್ಕು ಏಳುತ್ತದೆ, ಪ್ಲೈವುಡ್ ಊದುತ್ತದೆ. ಸಿಮೆಂಟ್ ಬ್ಲಾಕ್ ಮೇಲೆ ಕಡಪಾ ಕಲ್ಲಿನ ಹಲಗೆ, ನಡುವೆ ಒಂದು ಥರ್ಮೋಕೋಲ್ ಹಾಳೆ. ಚೆಂದ ಕಾಣದು, ಆದರೆ ಅಲುಗಾಡದು.

ನೀರು

ಹೆಚ್ಚಿನ ಸಣ್ಣ ಟ್ಯಾಂಕುಗಳು ಹಾಳಾಗುವುದು ಇಲ್ಲೇ. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಅಳತೆ) 500 ದಾಟುವುದು ನಮ್ಮಲ್ಲಿ ಮಾಮೂಲು, ಅದನ್ನು ನೇರ ಬಳಸುವ ಮಾತೇ ಇಲ್ಲ. ಮನೆಯಲ್ಲಿ ಆರ್‌ಒ ಇದೆಯಲ್ಲ ಎಂದರೆ, ಅಡುಗೆಮನೆಯ ಆರ್‌ಒ ಕುಡಿಯಲು ರುಚಿಯಾಗಿರಲಿ ಎಂದು ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುತ್ತದೆ. ಒಳಗಿರುವ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪಿನ ಕೆಲಸ ಅದೇ. ಅದನ್ನು ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್‌ಗಿಂತ ಮೊದಲೇ ಪೈಪಿಗೆ ‘T’ ಆಕಾರದ ಒಂದು ಜೋಡಣೆ ಹಾಕಿ ನೀರು ತೆಗೆಯಬೇಕು. ಆಮೇಲೂ ಉಳಿಯುವ ಸಿಲಿಕೇಟ್, ನೈಟ್ರೇಟ್‌ಗೆ ಮಿಕ್ಸೆಡ್ ಬೆಡ್ ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿದಿಡುವ ಹರಳು) ತುಂಬಿದ ಒಂದು ಪಾರದರ್ಶಕ ಕಾರ್ಟ್ರಿಜ್. ಇದರಿಂದ ಬರುವುದೇ ಡಿಐ ನೀರು. ಹೊರಗೆ ಬರುವ ನೀರಿನ ಟಿಡಿಎಸ್ 0 ತೋರಿಸಬೇಕು. 2 ಅಥವಾ 3 ತೋರಿಸಿದ ದಿನ ರೆಸಿನ್ ಬದಲಿಸಿ, 10ರ ತನಕ ಕಾಯಬೇಡಿ.

ಇನ್ನೊಂದು ಅಪಾಯ ಈಗೀಗ ಹೆಚ್ಚಾಗಿದೆ. ‘ಕಾಪರ್’ ಎಂದು ಹೆಮ್ಮೆಯಿಂದ ಬರೆದುಕೊಂಡು ಬರುವ ಪ್ಯೂರಿಫೈಯರ್‌ಗಳು ನೀರಿಗೆ ಬೇಕೆಂದೇ ತಾಮ್ರ ಸೇರಿಸುತ್ತವೆ. ಮನುಷ್ಯರಿಗೆ ಸರಿ. ಸೀಗಡಿ, ಬಸವನಹುಳು, ಹವಳಕ್ಕೆ ತೀರಾ ಕಡಿಮೆ ಪ್ರಮಾಣದ ತಾಮ್ರವೂ ವಿಷ. ಅದೇ ಕಾರಣಕ್ಕೆ ತಾಮ್ರದ ಹಂಡೆ, ಹಿತ್ತಾಳೆಯ ನಲ್ಲಿ ಯಾವುದೂ ಈ ನೀರಿನ ದಾರಿಯಲ್ಲಿ ಇರಬಾರದು.

ಮಂಗಳೂರು, ಉಡುಪಿ ಕಡೆಯವರು ಸಮುದ್ರದಿಂದಲೇ ತರಬಹುದಲ್ಲ ಎಂದು ಕೇಳುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ನೀರು ಸೇರಿ ದಡದ ಉಪ್ಪಿನಂಶ ಇಳಿದಿರುತ್ತದೆ, ಜೊತೆಗೆ ಕೆಸರು. ಬಂದರು, ಅಳಿವೆಯ ಹತ್ತಿರ ಡೀಸೆಲ್ಲೂ ಇರುತ್ತದೆ. ಬೇಸಿಗೆಯಲ್ಲಿ ದೂರದ ನೀರು ಸಿಕ್ಕರೆ ಸರಿ, ವರ್ಷವಿಡೀ ನೆಚ್ಚಿಕೊಳ್ಳುವ ದಾರಿಯಲ್ಲ.

ಉಪ್ಪು ಮತ್ತು ಅಳತೆ

ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಆಗದು. ಅದು ಬಹುಪಾಲು ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300 ಪಿಪಿಎಂ ಆಸುಪಾಸು ಇರಬೇಕು. ಮೃದು ಹವಳಕ್ಕೆ ಇನ್‌ಸ್ಟಂಟ್ ಓಷನ್, ರೆಡ್ ಸೀ ಕಂಪನಿಯ ಮಾಮೂಲಿ ನೀಲಿ ಬಕೆಟ್ ಎರಡೂ ಸಾಕು. ರೆಡ್ ಸೀಯದೇ ಕೋರಲ್ ಪ್ರೊ ಹೆಚ್ಚಿನ ಆಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಅಂಶ) ಕೊಡುವ ಉಪ್ಪು. ಗಟ್ಟಿ ಹವಳ ಬೇಗ ಬೆಳೆಸುವವರಿಗಾಗಿ ಇರುವುದು, ಈ ಟ್ಯಾಂಕಿಗೆ ಅದರ ದುಡ್ಡು ದಂಡ.

ಲೀಟರಿಗೆ 38 ಗ್ರಾಂ ಹಾಕಿದರೆ ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಹತ್ತಿರ ಬರುತ್ತದೆ. ಮೊದಲ ಸಲ 2.2 ಕೆಜಿ, ಆಮೇಲೆ ವಾರಕ್ಕೆ 6 ಲೀಟರ್ ನೀರು ಬದಲಿಸಲು 230 ಗ್ರಾಂ. ತಿಂಗಳಿಗೆ ಒಂದು ಕೆಜಿ ಎನ್ನಿ. ಯಾವಾಗಲೂ ನೀರಿಗೆ ಉಪ್ಪು ಹಾಕಬೇಕು. ಬಕೆಟ್ಟಿನಲ್ಲಿ ಉಪ್ಪಿಟ್ಟು ಮೇಲೆ ನೀರು ಸುರಿದರೆ ತಳದಲ್ಲಿ ದ್ರಾವಣ ಗಾಢವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಕೂತುಬಿಡುತ್ತದೆ, ಅದು ಮತ್ತೆ ಕರಗದು. 20 ಕೆಜಿ ಚೀಲ ಕೊಳ್ಳುವುದು ಲಾಭ. ಆದರೆ ಜೂನ್ ಬಂದರೆ ತೆರೆದ ಚೀಲ ತೇವ ಹೀರಿ ಕಲ್ಲಾಗುತ್ತದೆ, ಆಲ್ಕಲಿನಿಟಿಯೂ ಬೀಳುತ್ತದೆ. ತಂದ ದಿನವೇ ಚೆನ್ನಾಗಿ ಕಲೆಸಿ, ಬಿಗಿ ಮುಚ್ಚಳದ ಡಬ್ಬಿಗಳಿಗೆ ನಾಲ್ಕು ನಾಲ್ಕು ಕೆಜಿ ಹಂಚಿಡಿ.

ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್, ಅಂದರೆ ಒಂದು ಹನಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಅಳೆಯುವ ಸಾಧನ, ಬೇಕೇ ಬೇಕು. ಪೆಟ್ಟಿಗೆಯೊಳಗಿನ ಚೀಟಿ ಶುದ್ಧ ನೀರಲ್ಲಿ ಸೊನ್ನೆ ಹೊಂದಿಸಿ ಎನ್ನುತ್ತದೆ. ಅಗ್ಗದ ಸಾಧನದಲ್ಲಿ ಸೊನ್ನೆ ಸರಿ ಇದ್ದೂ 35ರ ಹತ್ತಿರ ಎರಡು ಮೂರು ಅಂಕ ತಪ್ಪಿರುತ್ತದೆ. ಬೇಕಾದ ಕಡೆಯೇ ಹೊಂದಿಸಬೇಕು: 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಡಿಐ ನೀರಿನಲ್ಲಿ ಕರಗಿಸಿದರೆ ಆ ದ್ರಾವಣ ರಿಫ್ರಾಕ್ಟೋಮೀಟರಿನಲ್ಲಿ 35 ತೋರಿಸಬೇಕು. ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಒಂದು ವಾರ ಸುಮ್ಮನಿದ್ದು 5 ಲೀಟರ್ ಆರಿದರೆ 35 ಇದ್ದದ್ದು 38 ದಾಟುತ್ತದೆ. ಪ್ರತಿದಿನ ಸಿಹಿ ಡಿಐ ನೀರೇ ತುಂಬಬೇಕು. ಫ್ಲೋಟ್ ವಾಲ್ವ್ ಇಟ್ಟರೆ ಸಲೀಸು, ಆದರೆ ಅದಕ್ಕೆ ನೀರು ಬಿಡುವ ಮೇಲಿನ ಕ್ಯಾನ್ 4 ಲೀಟರಿಗಿಂತ ದೊಡ್ಡದು ಬೇಡ. ಬಸವನಹುಳು ಫ್ಲೋಟ್ ಮೇಲೆ ಕೂತು ವಾಲ್ವ್ ತೆರೆದೇ ಉಳಿಯುವುದು ಆಗಾಗ ಆಗುವಂಥದ್ದು. ಒಂದಿಂಚು ಖಾಲಿ ಜಾಗ 4.5 ಲೀಟರ್ ಹಿಡಿಯುವುದರಿಂದ ಆಗಲೂ ನೆಲ ಒದ್ದೆಯಾಗದು, ಉಪ್ಪಿನಂಶ 32.7ಕ್ಕೆ ನಿಲ್ಲುತ್ತದೆ. 10 ಲೀಟರ್ ಕ್ಯಾನ್ ಆಗಿದ್ದರೆ ಅದು 30ರ ಹತ್ತಿರ, ಮೇಲೆ ನೆಲವೂ ಒರೆಸಬೇಕು.

ಬಿಸಿ, ಕರೆಂಟು, ಬೆಳಕು

ಚಿಲ್ಲರ್ ಇಲ್ಲದೆ ನಡೆಯುತ್ತಿರುವುದು ಬೆಂಗಳೂರಿನ ಹವೆಯ ದಯೆ. ಮೈಸೂರು, ಹಾಸನ, ಚಿಕ್ಕಮಗಳೂರಿನವರಿಗೂ ಇದೇ ಅನುಕೂಲ. ಬೇಕಾದ್ದು 24ರಿಂದ 27 ಡಿಗ್ರಿ. ಏಪ್ರಿಲ್‌ನಲ್ಲಿ 120 ಎಂಎಂ ಕಂಪ್ಯೂಟರ್ ಫ್ಯಾನನ್ನು ನೀರಿನ ಮೇಲೆ ಓರೆಯಾಗಿ ಇಟ್ಟರೆ 2–3 ಡಿಗ್ರಿ ಇಳಿಯುತ್ತದೆ. ಈ ಉಪಾಯ ಕರಾವಳಿಯಲ್ಲಿ ಅಷ್ಟಾಗಿ ಫಲಿಸದು. ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆರಬೇಕಲ್ಲ? ಕಲಬುರಗಿ, ರಾಯಚೂರಿನಲ್ಲಿ ಫ್ಯಾನ್ ಚೆನ್ನಾಗಿ ತಣಿಸುತ್ತದೆ, ಆದರೆ 40 ದಾಟುವ ಬಿಸಿಲಿಗೆ ಅದೊಂದೇ ಸಾಲದು. ಚಿಲ್ಲರ್ ಅಥವಾ ಏಸಿ ಕೋಣೆ ಬೇಕು, ಆಗ ಇದು ‘ಸಣ್ಣ ಬಜೆಟ್’ ಅಲ್ಲ.

ಡಿಸೆಂಬರ್ ರಾತ್ರಿಗೆ 50 ವ್ಯಾಟ್ ಹೀಟರ್, ಜೊತೆಗೆ ಹೊರಗಿನ ಥರ್ಮೋಸ್ಟಾಟ್. ಹೀಟರ್ ಕೆಡುವಾಗ ಆನ್ ಆಗಿಯೇ ಕೆಡುವುದುಂಟು. 50 ವ್ಯಾಟ್ ಆದರೆ ಕೆಲವು ಡಿಗ್ರಿ ಏರುವಷ್ಟರಲ್ಲಿ ಕಣ್ಣಿಗೆ ಬೀಳುತ್ತದೆ, 200 ವ್ಯಾಟ್ ಆದರೆ ಬೆಳಗಾಗುವಷ್ಟರಲ್ಲಿ ಎಲ್ಲ ಬೆಂದಿರುತ್ತದೆ.

ಅಲೆಗೆ ಗಂಟೆಗೆ 1200–1500 ಲೀಟರಿನ ಒಂದು ವೇವ್‌ಮೇಕರ್ ಸಾಕು, ಟ್ಯಾಂಕಿನ ನೀರಿನ 20–25 ಪಟ್ಟು. ಅಗ್ಗದ ಪಂಪುಗಳಲ್ಲಿ ಮೊದಲು ಹೋಗುವುದು ಮೋಟರ್ ಅಲ್ಲ, ಆಯಸ್ಕಾಂತ. ಹೊರಗಿನ ಪ್ಲಾಸ್ಟಿಕ್ ಕವಚ ಸೀಳಿ ಉಪ್ಪುನೀರು ಒಳಗೆ ಹೋದರೆ ಆಯಸ್ಕಾಂತ ತುಕ್ಕು ಹಿಡಿದು ಊದುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ, ಬಿಳಿ ವಿನೆಗರ್ ಒಂದಕ್ಕೆ ನೀರು ಒಂದು ಬೆರೆಸಿ ಅರ್ಧ ಗಂಟೆ ನೆನೆಸಿ. ಕಂದು ಕಲೆ ಕಂಡರೆ ಆ ದಿನವೇ ತೆಗೆದುಹಾಕಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದ ಮನೆಯಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ, ಅಲ್ಲಿ ಡಿಸಿ ಪಂಪೇ ವಾಸಿ. ಕರೆಂಟು ಹೋದಾಗ ಪವರ್ ಬ್ಯಾಂಕಿಗೆ ಸಿಕ್ಕಿಸುವ ಯುಎಸ್‌ಬಿ ಏರ್ ಪಂಪ್ ರಾತ್ರಿಯಿಡೀ ಮೀನು ಉಳಿಸುತ್ತದೆ.

ಬೆಳಕು 30 ವ್ಯಾಟಿನ ನೀಲಿ-ಬಿಳಿ ಎಲ್‌ಇಡಿ, ದಿನಕ್ಕೆ 8 ಗಂಟೆ. ಮೃದು ಹವಳಕ್ಕೆ 50ರಿಂದ 150 ಪಾರ್ (ಹವಳಕ್ಕೆ ಉಪಯೋಗವಾಗುವ ಬೆಳಕಿನ ಅಳತೆ) ಸಾಕು. ಹೊಸ ಹವಳ ಬಂದಾಗ ಶೇ 30ರಿಂದ ಶುರು ಮಾಡಿ ಮೂರು ವಾರದಲ್ಲಿ ಏರಿಸಿ. ಇಂಥ ದೀಪಗಳಲ್ಲಿ ಉಪ್ಪಿನ ಪದರ ಕೂತು ತಣಿಸುವ ಫ್ಯಾನ್ ಸಿಕ್ಕಿಹಾಕಿಕೊಳ್ಳುತ್ತದೆ, ಬಿಸಿಗೆ ಎಲ್‌ಇಡಿ ಸುಡುತ್ತದೆ. ಒಣ ಬ್ರಷ್ಷಿನಿಂದ ಫ್ಯಾನ್ ಉಜ್ಜುವುದು ಎರಡು ನಿಮಿಷದ ಕೆಲಸ.

ಜೀವಿಗಳಿಗಿಂತ ಮೊದಲು

ಒಣ ಅಥವಾ ಸೆರಾಮಿಕ್ ಕಲ್ಲು, ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು ಹಾಕಿ, ಮೀನಿಲ್ಲದೆ ಸೈಕಲ್ ಮಾಡಿ, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಬಿಡಿ. ಅಂಗಡಿಯವರು ‘ಸೈಕಲ್‌ಗೆ’ ಎಂದು ಕೊಡುವ ಡಾಮಿನೊ ಡ್ಯಾಮ್ಸೆಲ್ ಮೀನು ಬೇಡವೇ ಬೇಡ. ಅದು ಸಾಯುವುದಿಲ್ಲ, ಮುಂದೆ ಬಂದವರನ್ನು ಬದುಕಲೂ ಬಿಡುವುದಿಲ್ಲ. ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, ಸಾಕು. ಆದರೆ ಕಲಾಯಿ ಹಾಕುವವರ ಗಟ್ಟಿ ಅಲ್ಲ, ಲ್ಯಾಬ್ ದರ್ಜೆಯದು. 3.6 ಗ್ರಾಂ ತೂಗಿ ಕರಗಿಸಿ 100 ಎಂಎಲ್ ದ್ರಾವಣ ಮಾಡಿ, ಅದರಲ್ಲಿ 10 ಎಂಎಲ್ ಹಾಕಿದರೆ 58 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂ ಆಗುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಹಾಕಿದರೂ ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ. 2 ಪಿಪಿಎಂ ಹಾಕಿದ 24 ಗಂಟೆಯೊಳಗೆ ಅಮೋನಿಯಾ ಸೊನ್ನೆಗೆ ಬಂದರೆ ಸಿದ್ಧ.

ಯಾರನ್ನು ತರಬೇಕು, ಯಾರನ್ನು ತರಬಾರದು

ಮೊದಲು ಕಾನೂನು. ಗಟ್ಟಿ ಹವಳ, ಸಮುದ್ರ ಕುದುರೆ, ಸಮುದ್ರ ಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಒಂದು ತುಂಡು ಹವಳ, ಸತ್ತದ್ದಾದರೂ ಸರಿ, ಚೀಲಕ್ಕೆ ಹಾಕಿಕೊಂಡರೆ ಅಪರಾಧ. ಆದ್ದರಿಂದ ಇಲ್ಲಿ ಮಶ್ರೂಮ್, ಜೋಯಾಂತಿಡ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್ ಎಂಬ ಮೃದು ಹವಳಗಳು ಮಾತ್ರ. ಹವ್ಯಾಸಿಗಳ ಟ್ಯಾಂಕಿನಲ್ಲಿ ಬೆಳೆದ ತುಣುಕೇ ಅಗ್ಗ, ಬಾಳಿಕೆಯೂ ಅದಕ್ಕೇ ಹೆಚ್ಚು. ಗ್ರೀನ್ ಸ್ಟಾರ್ ಪಾಲಿಪನ್ನು ಮುಖ್ಯ ಕಲ್ಲಿಗೆ ತಾಗಿಸಬೇಡಿ, ವರ್ಷದೊಳಗೆ ಎಲ್ಲವನ್ನೂ ಹೊದ್ದುಬಿಡುತ್ತದೆ. ಹಿಂದಿನ ಗಾಜಿಗೆ ಅಂಟಿಸಿದರೆ ಹಸಿರು ಗೋಡೆಯೇ ಸಿಗುತ್ತದೆ. ಲೆದರ್ ಆಗಾಗ ಮುದುಡಿ ಮೇಣದಂಥ ಪೊರೆ ಕಳಚುತ್ತದೆ. ಒಂದು ವಾರ ಸತ್ತಂತೆ ಕಾಣುತ್ತದೆ, ಮುಟ್ಟದೆ ಬಿಡಿ.

ಜೋಯಾಂತಿಡ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಕಡ್ಡಾಯ. ಅದು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬಾರದು, ಬಿಸಿನೀರು ಹಾಕಿ ಉಜ್ಜಬಾರದು. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಕ್ಲೌನ್ ಮೀನು ಹ್ಯಾಚರಿಯದ್ದೇ ಇರಲಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ಸಂತಾನೋತ್ಪತ್ತಿ ತಂತ್ರವನ್ನು ನಮ್ಮಲ್ಲೇ ರೂಪಿಸಿದೆ. ಸಾಕಿದ ಮರಿಗಳು ಗುಳಿಗೆ ಆಹಾರ ತಿನ್ನುತ್ತವೆ, ಹಿಡಿದು ತಂದವುಗಳಷ್ಟು ರೋಗವೂ ಇರದು. ಜೊತೆಗೆ ನಾಲ್ಕು ಟ್ರೋಕಸ್, ಮೂರು ನಸಾರಿಯಸ್ ಬಸವನಹುಳು. ಬ್ಲೂ ಟ್ಯಾಂಗ್ 30 ಸೆಂಮೀ ಬೆಳೆಯುವ ಮೀನು, ಇಷ್ಟು ನೀರಿಗೆ ಅದು ಸಲ್ಲದು. ಮ್ಯಾಂಡರಿನ್ ಮೀನು ಇಂಥ ಟ್ಯಾಂಕಿನಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಅನಿಮೋನಿ (ಹೂವಿನಂತೆ ಕಾಣುವ ಸಮುದ್ರ ಜೀವಿ) ನಡೆದುಕೊಂಡು ಹೋಗಿ ಪಂಪಿಗೆ ಸಿಕ್ಕಿ ಚೂರಾದರೆ ಟ್ಯಾಂಕೆಲ್ಲ ವಿಷ.

ಚೆನ್ನೈನಿಂದ ಪಾರ್ಸಲ್‌ನಲ್ಲಿ ಬಂದ ಮೀನನ್ನು ಗಂಟೆಗಟ್ಟಲೆ ಡ್ರಿಪ್ ಮಾಡಬೇಡಿ, ಅಂದರೆ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಬೆರೆಸುತ್ತ ಕೂರಬೇಡಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅದರಿಂದ ಅಮೋನಿಯಾ ಅಷ್ಟು ಕೆಡುಕು ಮಾಡದೆ ಕೂತಿರುತ್ತದೆ. ಚೀಲ ತೆರೆದೊಡನೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಚೀಲದ ಉಪ್ಪಿನಂಶ ಅಂಗಡಿಯವರನ್ನು ಮೊದಲೇ ಕೇಳಿ ಕ್ವಾರಂಟೈನ್ ಡಬ್ಬಿಯನ್ನು ಅದಕ್ಕೇ ಹೊಂದಿಸಿಡಿ. ಉಪ್ಪು ಉಳಿಸಲು ಹಲವರು ನೀರಿನ ಸಾಪೇಕ್ಷ ಸಾಂದ್ರತೆಯನ್ನು (ಉಪ್ಪಿನಂಶ ಹೇಳುವ ಇನ್ನೊಂದು ಅಳತೆ) 1.020ರಲ್ಲೇ ಇಡುತ್ತಾರೆ. ಉಷ್ಣತೆ ಸರಿಹೊಂದಿಸಿ ಮೀನನ್ನು ತಕ್ಷಣ ಬಿಡಿ, ಆಮೇಲೆ ದಿನಕ್ಕೆ 0.001–0.002ರಂತೆ ಏರಿಸಿ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧ ಆ ಡಬ್ಬಿಯಲ್ಲಿ ಮಾತ್ರ.

ಎರಡನೇ ವರ್ಷದ ತಲೆನೋವು

ಮೊದಲ ತಿಂಗಳುಗಳ ಕಂದು ಪಾಚಿ ತಾನಾಗಿ ಹೋಗುತ್ತದೆ, ದುಡ್ಡು ಸುರಿಯಬೇಡಿ. ನಿಜವಾದ ಕಾಟ ಡೈನೊಫ್ಲಾಜೆಲೇಟ್: ಗುಳ್ಳೆ ಸಿಕ್ಕಿಸಿಕೊಂಡ ಲೋಳೆ ಎಳೆ, ಬೆಳಕಿದ್ದಾಗ ಹೆಚ್ಚುತ್ತದೆ, ರಾತ್ರಿ ಕಡಿಮೆ. ಇದು ಬರುವುದು ಅತಿ ಶುಚಿಯಿಂದ, ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆಯಾದಾಗ. ಫಿಲ್ಟರಿನಲ್ಲಿ ಫಾಸ್ಫೇಟ್ ಹೀರುವ ಸಾಮಗ್ರಿ ಇದ್ದರೆ ನಿಲ್ಲಿಸಿ, ಮೀನಿಗೆ ಸ್ವಲ್ಪ ಹೆಚ್ಚು ಊಟ ಹಾಕಿ, ನೈಟ್ರೇಟ್ 5–15, ಫಾಸ್ಫೇಟ್ 0.03–0.1 ಪಿಪಿಎಂ ನಡುವೆ ಇರಿಸಿ.

ಐಪ್ಟೇಸಿಯಾ ಎಂಬ ಕಳೆ ಅನಿಮೋನಿಯನ್ನು ಕಿತ್ತರೆ ಹತ್ತಾಗುತ್ತದೆ. ತಿನ್ನುವ ದರ್ಜೆಯ ಸುಣ್ಣದ ಪುಡಿಯನ್ನು ಮೊಸರಿನ ಹದಕ್ಕೆ ಕಲಸಿ, ಪಂಪ್ ನಿಲ್ಲಿಸಿ, 1 ಎಂಎಲ್ ಸಿರಿಂಜಿನಿಂದ ಅದರ ಬಾಯಿಗೆ ಬಿಡಿ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ, ಪಿಎಚ್ ಜಿಗಿಯುತ್ತದೆ.

ತಿಂಗಳ ಖರ್ಚಿನಲ್ಲಿ ಉಪ್ಪು 300–400 ರೂಪಾಯಿ, ಕರೆಂಟು ಸುಮಾರು 15 ಯೂನಿಟ್ (ಹೀಟರ್ ಬಿಟ್ಟು), ಫಿಲ್ಟರ್ ಹತ್ತಿ, ಕಾರ್ಬನ್ ಇನ್ನೊಂದು ನೂರು. ಡಿಐ ರೆಸಿನ್ ಖರ್ಚು ನಿಮ್ಮ ಆರ್‌ಒ ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬುದರ ಮೇಲೆ ಹೋಗುತ್ತದೆ. ಮೆಂಬ್ರೇನ್ ಹಳತಾದರೆ ರೆಸಿನ್ ಅರ್ಧ ಕಾಲಕ್ಕೇ ಮುಗಿಯುತ್ತದೆ, ಆದ್ದರಿಂದ ಮೊದಲು ಮೆಂಬ್ರೇನ್ ನೋಡಿ. ಬದಲಿಯಾಗಿ ಕಪಾಟಿನಲ್ಲಿ ಸದಾ ಇರಬೇಕಾದ್ದು ಒಂದು ವೇವ್‌ಮೇಕರ್, ಒಂದು 50 ವ್ಯಾಟ್ ಹೀಟರ್ ಮತ್ತು ಬೆರೆಸಿ ಮುಚ್ಚಿಟ್ಟ 12 ಲೀಟರ್ ಉಪ್ಪುನೀರು.