ದೀಪ ಅಲ್ಲಾಡುವ ವಾಲ್‌ಪೇಪರ್‌ಗೆ ವಾರಕ್ಕೆ 199 ರೂಪಾಯಿ: ಮನೆಯ ಹಿರಿಯರ ಫೋನ್ ಒಮ್ಮೆ ನೋಡಿ

ನಿಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅತ್ತೆ, ಮಾವ ಯಾರಾದರೂ ಫೋನಿಗೆ ಅಲ್ಲಾಡುವ ಹಿನ್ನೆಲೆ ಚಿತ್ರ, ಅಂದರೆ ಲೈವ್ ವಾಲ್‌ಪೇಪರ್ ಹಾಕಿಕೊಂಡಿದ್ದಾರಾ? ಹಾಗಿದ್ದರೆ ಅದು ಯಾವ ಆ್ಯಪ್‌ನಿಂದ ಬಂತು, ಅದಕ್ಕೆ ದುಡ್ಡು ಹೋಗುತ್ತಿದೆಯಾ ಎಂದು ಇವತ್ತೇ ನೋಡಿ. ನಮ್ಮ ದೊಡ್ಡಮ್ಮನ ಖಾತೆಯಿಂದ ವಾರವಾರವೂ 199 ರೂಪಾಯಿ ಹೋಗುತ್ತಿತ್ತು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ದೊಡ್ಡಮ್ಮ ಇರುವುದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಮಕ್ಕಳು ಬೆಂಗಳೂರಲ್ಲಿ. ಅಡಿಕೆ ರೇಟು ಕೇಳುವುದಕ್ಕೂ ಮೊಮ್ಮಗಳ ಮುಖ ನೋಡುವುದಕ್ಕೂ ಫೋನೇ ಗತಿ. ಒಂದು ದಿನ ವಿಡಿಯೋ ನೋಡುತ್ತಿದ್ದಾಗ ನಡುವೆ ಜಾಹೀರಾತು ಬಂದಿದೆ. ದೇವಿಯ ಚಿತ್ರ, ಎರಡೂ ಬದಿ ದೀಪ. ದೀಪದ ಕುಡಿ ಅಲ್ಲಾಡುತ್ತದೆ. ಪರದೆ ಮುಟ್ಟಿದರೆ ಹೂವು ಉದುರುತ್ತವೆ, ಗಂಟೆ ಬಾರಿಸುತ್ತದೆ. ನಾನೂ ನೋಡಿದೆ, ನಿಜಕ್ಕೂ ಚೆನ್ನಾಗಿದೆ. ಬೆಳಗ್ಗೆ ಎದ್ದು ಫೋನ್ ಎತ್ತಿದ ಕೂಡಲೇ ದೇವರ ಮುಖ ಕಾಣಲಿ ಎಂದು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಆ ಆಸೆಯನ್ನೇ ಹಿಡಿದು ದುಡ್ಡು ಕೀಳುವವರ ಮೇಲೆ ನನಗೆ ಸಿಟ್ಟು.

ಮೊದಲು ಗೊತ್ತಾಗಿದ್ದು ದುಡ್ಡಿನ ವಿಷಯ ಅಲ್ಲ. ಮಧ್ಯಾಹ್ನದ ಮೇಲೆ ಯಾವಾಗ ಕರೆ ಮಾಡಿದರೂ ದೊಡ್ಡಮ್ಮನ ಫೋನ್ ಸ್ವಿಚ್ ಆಫ್. ಮಳೆಗಾಲ, ಕರೆಂಟು ಹೋಗಿ ಬಂದು ಮಾಡುತ್ತದೆ, ಅದಕ್ಕೇ ಇರಬೇಕು ಅಂದುಕೊಂಡರು ಎಲ್ಲರೂ. ಆಮೇಲೆ ಒಂದು ದಿನ ಅವರೇ ಹೇಳಿದರು: "ಫೋನ್ ಎತ್ತಿದ್ರೆ ಸಾಕು, ಎಂತೆಂತದೋ ಬರ್ತದೆ ಮಾರಾಯ. ನಿನ್ ಫೋನ್ ತೆಗಿಯಷ್ಟರಲ್ಲಿ ರಿಂಗ್ ನಿಂತೇ ಹೋಗ್ತದೆ."

ಊರಿಗೆ ಹೋದಾಗ ಫೋನ್ ಕೈಗೆ ತೆಗೆದುಕೊಂಡೆ. ಬಿಸಿಯಾಗಿತ್ತು. ಲಾಕ್ ತೆಗೆದ ತಕ್ಷಣ ಪೂರ್ತಿ ಪರದೆ ತುಂಬ ಒಂದು ಆಟದ ಜಾಹೀರಾತು. ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಇಂಟು ಗುರುತು, ಅದೂ ಬಿಳಿ ಬಣ್ಣದ ಮೇಲೆ ತಿಳಿ ಬೂದು ಬಣ್ಣದಲ್ಲಿ. ದೊಡ್ಡಮ್ಮನ ಕಣ್ಣಿಗೆ ಅದು ಕಾಣುವುದು ಸಾಧ್ಯವೇ ಇಲ್ಲ. ಒಂಚೂರು ಪಕ್ಕಕ್ಕೆ ಬೆರಳು ಬಿದ್ದರೆ ಪ್ಲೇ ಸ್ಟೋರ್ ತೆರೆದು ಇನ್ನೊಂದು ಆ್ಯಪ್ ಇಳಿಸಿಕೋ ಅನ್ನುತ್ತದೆ. ಹಾಗೆ ಇಳಿದ ಆ್ಯಪ್‌ಗಳೇ ಒಂದು ರಾಶಿ ಇದ್ದವು.

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ನೋಡಿದೆ. ಪಟ್ಟಿಯ ತುದಿಯಲ್ಲೇ ಆ ವಾಲ್‌ಪೇಪರ್ ಆ್ಯಪ್ ಕೂತಿತ್ತು. ಸುಮ್ನೆ ಒಂದು ಚಿತ್ರ ಇದ್ದರೆ ಫೋನಿಗೆ ಕೆಲಸವಿಲ್ಲ. ಚಿತ್ರ ಅಲ್ಲಾಡಬೇಕಾದರೆ ಸೆಕೆಂಡಿಗೆ ಹತ್ತಾರು ಸಲ ಅದನ್ನು ಹೊಸದಾಗಿ ಬಿಡಿಸುತ್ತಲೇ ಇರಬೇಕು. ಸರಿಯಾಗಿ ಮಾಡಿದ ವಾಲ್‌ಪೇಪರ್ ಆದರೆ ಪರದೆ ಆರಿದಾಗ, ಬೇರೆ ಆ್ಯಪ್ ಮೇಲೆ ಬಂದಾಗ ಬಿಡಿಸುವುದನ್ನು ನಿಲ್ಲಿಸುತ್ತದೆ. ಕಳಪೆ ಆ್ಯಪ್‌ಗಳಿಗೆ ಅಷ್ಟು ತಾಳ್ಮೆ ಎಲ್ಲಿ?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಲೈವ್ ವಾಲ್‌ಪೇಪರ್ ಹೊಸದೇನಲ್ಲ. ಆಂಡ್ರಾಯ್ಡ್‌ನಲ್ಲಿ 2010ರಿಂದಲೂ, 2.1ನೇ ಆವೃತ್ತಿಯಿಂದಲೂ ಇದೆ. ಹಿನ್ನೆಲೆಯಲ್ಲಿ ಚಿತ್ರ ಬಿಡಿಸುವುದಷ್ಟೇ ಅದರ ಕೆಲಸ. ಅದಕ್ಕೆ ನಿಮ್ಮ ಕಾಂಟ್ಯಾಕ್ಟ್ಸ್ ಬೇಡ, ಎಸ್ಸೆಮ್ಮೆಸ್ ಬೇಡ, ನೀವು ಎಲ್ಲಿದ್ದೀರಿ ಅನ್ನುವುದೂ ಬೇಡ. 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್' ಅನುಮತಿಯಂತೂ ಬೇಡವೇ ಬೇಡ. ದೊಡ್ಡಮ್ಮನ ಫೋನಿನಲ್ಲಿ ಇದೇ ಅನುಮತಿ ಕೊಟ್ಟಾಗಿತ್ತು. ಬೇರೆ ಎಲ್ಲದರ ಮೇಲೂ ಜಾಹೀರಾತು ಬಂದು ಕೂರುತ್ತಿದ್ದುದು ಅದರಿಂದಲೇ. ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುವ ವಾಲ್‌ಪೇಪರ್ ಸಿಕ್ಕರೆ ಇನ್ನೂ ಅಪಾಯ. ಅದನ್ನು ಕೊಟ್ಟರೆ ಪರದೆಯ ಮೇಲೆ ಇರುವುದನ್ನು ಓದುವ, ನಿಮ್ಮ ಬದಲು ಒತ್ತುವ ಅಧಿಕಾರವನ್ನೇ ಕೊಟ್ಟ ಹಾಗೆ.

ಅನುಮತಿ ತೆಗೆದೆ, ಆ್ಯಪ್ ಅಳಿಸಿದೆ. ಜಾಹೀರಾತು ನಿಂತಿತು. (ಅಳಿಸಲು ಹೋದಾಗಲೂ ಜಾಹೀರಾತು ಅಡ್ಡ ಬರುತ್ತಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿ. ನೀವು ಇಳಿಸಿಕೊಂಡ ಆ್ಯಪ್‌ಗಳು ಆಗ ಓಡುವುದಿಲ್ಲ, ಆರಾಮಾಗಿ ತೆಗೆಯಬಹುದು.)

ಇಷ್ಟಕ್ಕೇ ಬಿಟ್ಟಿದ್ದರೆ ದುಡ್ಡು ಇವತ್ತಿಗೂ ಹೋಗುತ್ತಿತ್ತು. ಬ್ಯಾಂಕಿನ ಎಸ್ಸೆಮ್ಮೆಸ್‌ಗಳನ್ನು ಸುಮ್ನೆ ಮೇಲೆ ಕೆಳಗೆ ಮಾಡುವಾಗ ಕಣ್ಣಿಗೆ ಬಿತ್ತು: 199, 199, 199. ಕೇಳಿದರೆ ದೊಡ್ಡಮ್ಮ, "ಐದೇ ರೂಪಾಯಿ ಅಂತ ಇತ್ತು, ಅಷ್ಟೇ ಹಾಕಿದ್ದು" ಅಂದರು. ಅವರು ಹೇಳಿದ್ದು ನಿಜವೇ. ಐದು ರೂಪಾಯಿಗೆ ಎಲ್ಲ ದೇವರ ವಾಲ್‌ಪೇಪರ್ ಎಂದು ದೊಡ್ಡ ಅಕ್ಷರದಲ್ಲಿ ಇತ್ತು. ಮೂರು ದಿನ ಆದಮೇಲೆ ವಾರಕ್ಕೆ 199 ಅನ್ನುವುದು ಕೆಳಗೆ ಚಿಕ್ಕದಾಗಿ, ಇಂಗ್ಲಿಷಿನಲ್ಲಿ. ಐದು ರೂಪಾಯಿಗೆ ಎಂದು ಅವರು ಯುಪಿಐ ಪಿನ್ ಹಾಕಿದ್ದರು. ಆ ಪಿನ್‌ನಿಂದಲೇ ಆಟೋಪೇಗೂ ಒಪ್ಪಿಗೆ ಹೋಗಿತ್ತು.

ಯುಪಿಐ ಆಟೋಪೇ 2020ರಲ್ಲಿ ಬಂದ ವ್ಯವಸ್ಥೆ. ಒಮ್ಮೆ ಪಿನ್ ಹಾಕಿ ಒಪ್ಪಿದರೆ, ಆಮೇಲೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ವಿಮೆ, ಕರೆಂಟ್ ಬಿಲ್ಲಿಗೆಲ್ಲ ಅನುಕೂಲವೇ. ದುಡ್ಡು ಕಡಿತ ಆಗುವ 24 ಗಂಟೆ ಮೊದಲು ತಿಳಿಸಬೇಕು ಎಂಬ ನಿಯಮವೂ ಇದೆ. ತಿಳಿಸಿಯೂ ಇದ್ದರು, ಇಂಗ್ಲಿಷಿನಲ್ಲಿ. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆವರೆಗೆ ಓದುವ ಹೆಂಗಸಿಗೆ ಆ ಮೆಸೇಜಿನಿಂದ ಏನು ಪ್ರಯೋಜನ?

ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ. ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ದುಡ್ಡು ಕಟ್ಟಿದ ಯುಪಿಐ ಆ್ಯಪ್ ತೆರೆದು, ಪ್ರೊಫೈಲ್ ಒಳಗೆ ಆಟೋಪೇ ಅಂತ ಇರುವಲ್ಲಿ ಹೋಗಿ ರದ್ದು ಮಾಡಬೇಕು. ಒಂದಕ್ಕಿಂತ ಜಾಸ್ತಿ ಯುಪಿಐ ಆ್ಯಪ್ ಇದ್ದರೆ ಎಲ್ಲದರಲ್ಲೂ ನೋಡಿ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿ ಸಬ್‌ಸ್ಕ್ರಿಪ್ಶನ್ಸ್ ಅಂತ ಬೇರೆಯೇ ಪಟ್ಟಿ ಇರುತ್ತದೆ, ಅಲ್ಲಿಂದಲೂ ತೆಗೆಯಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಮತ್ತೊಂದು ವಿಷಯಕ್ಕೆ. ಅದೇ ಆ್ಯಪ್‌ನಲ್ಲಿ ಹಳೆ ಫೋಟೋಕ್ಕೆ ಜೀವ ತುಂಬುತ್ತೇವೆ ಎಂದು ಇನ್ನೊಂದು ಗುಂಡಿ ಇತ್ತು. ದೊಡ್ಡಮ್ಮ ತೀರಿಹೋದ ದೊಡ್ಡಪ್ಪನ ಫೋಟೋ ಹಾಕಿದ್ದಾರೆ. ಫೋಟೋದಲ್ಲಿ ದೊಡ್ಡಪ್ಪ ಕಣ್ಣು ಮಿಟುಕಿಸಿ ನಕ್ಕರಂತೆ. ಹೇಳುವಾಗ ಅವರ ದನಿ ಒಂಚೂರು ನಡುಗಿತು. ಬೇಡ ಅನ್ನಲು ನನಗೆ ಬಾಯೇ ಬರಲಿಲ್ಲ. ಆದರೆ ಒಂದು ಫೋಟೋಕ್ಕೋಸ್ಕರ ಆ ಆ್ಯಪ್ ಇಡೀ ಗ್ಯಾಲರಿಯ ಅನುಮತಿ ತೆಗೆದುಕೊಂಡಿತ್ತು. ಗ್ಯಾಲರಿಯಲ್ಲಿ ಏನೇನಿತ್ತು ಗೊತ್ತಾ? ಆಧಾರ್ ಕಾರ್ಡಿನ ಎರಡೂ ಬದಿ, ಪಾಸ್‌ಬುಕ್‌ನ ಮೊದಲ ಪುಟ, ತೋಟದ ಪಹಣಿ. ಹಿರಿಯರ ಫೋನಿನಲ್ಲಿ ಇವೆಲ್ಲ ಇದ್ದೇ ಇರುತ್ತವೆ, ಅಲ್ವಾ? ಮಕ್ಕಳಿಗೆ ವಾಟ್ಸಾಪ್ ಮಾಡಿದ್ದು ಹಾಗೇ ಉಳಿದಿರುತ್ತದೆ. ಆಂಡ್ರಾಯ್ಡ್ 14 ಅಥವಾ ಅದಕ್ಕಿಂತ ಹೊಸ ಫೋನಿನಲ್ಲಿ ಆ್ಯಪ್ ಗ್ಯಾಲರಿ ಕೇಳಿದಾಗ ಬೇಕಾದ ಫೋಟೋ ಮಾತ್ರ ಆರಿಸಿ ಕೊಡುವ ಆಯ್ಕೆ ಇದೆ. ಅದನ್ನೇ ಒತ್ತಲು ಕಲಿಸಿ. ದಾಖಲೆಗಳ ಫೋಟೋ ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ಅಲ್ಲಾಡುವ ಚಿತ್ರ ಬೇಕೇ ಬೇಕು ಅಂದರೆ ಫೋನಿನ ಒಳಗೇ ದಾರಿ ಇರುತ್ತದೆ. ಐಫೋನ್‌ನಲ್ಲಿ ಲೈವ್ ಫೋಟೋ 2015ರಿಂದ ಇದೆ. ಐಓಎಸ್ 17 ಅಥವಾ ಆಮೇಲಿನದು ಇದ್ದರೆ ಅದನ್ನು ಲಾಕ್ ಸ್ಕ್ರೀನಿಗೆ ಹಾಕಿಕೊಳ್ಳಬಹುದು. ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳಲ್ಲಿ ಗ್ಯಾಲರಿಯಿಂದಲೇ ಚಿಕ್ಕ ವಿಡಿಯೋವನ್ನು ಲಾಕ್ ಸ್ಕ್ರೀನಿಗೆ ಇಡಬಹುದು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲನ್ನಂತೂ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಯಾರು ಕಳಿಸಿದ್ದರೂ ಒತ್ತಲೇಬೇಡಿ.

ಹೋದ ದುಡ್ಡು ಇನ್ನೂ ಬಂದಿಲ್ಲ. ಆ್ಯಪ್‌ನವರಿಗೆ ಬರೆದ ಮೇಲ್‌ಗೆ ಯಂತ್ರದ ಉತ್ತರ ಬಂತು, ಅಷ್ಟೇ. ಹೀಗೆ ಮರೆಮಾಚಿ ಚಂದಾ ಕಟ್ಟಿಸಿಕೊಳ್ಳುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲೇ ನಿಷೇಧಿಸಿದೆ. ಅದಕ್ಕೇ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನಿಮಗೆ ಗೊತ್ತೇ ಇಲ್ಲದೆ ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಂಥ ಆ್ಯಪ್‌ನಿಂದ ಯಾರಿಗಾದರೂ ದುಡ್ಡು ವಾಪಸ್ ಬಂದಿದ್ದರೆ ಹೇಗೆ ಬಂತು ಎಂದು ತಿಳಿಸಿ, ದೊಡ್ಡಮ್ಮ ದಿನಾ ಕೇಳುತ್ತಿದ್ದಾರೆ.