ಎಡಿ ಎಕ್ಸ್‌ಪ್ಲೋರರ್: ನನ್ನ ಹುಡುಕಾಟ ಹಗುರ ಮಾಡಿದ ಟೂಲ್

ತುಮಕೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್, ಲಾಗಿನ್ ಎಲ್ಲ ನೋಡಿಕೊಳ್ಳುವವನು ನಾನು. ಎಲ್ಲರ ಲಾಗಿನ್ ಖಾತೆಗಳನ್ನು ಒಂದೇ ಕಡೆ ಇಡುವ ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಎಡಿ) ಹಳೇ ವಿದ್ಯಾರ್ಥಿಗಳ ಖಾತೆಗಳು ಜಾಸ್ತಿಯಾಗಿದ್ದವು. ವಿಂಡೋಸ್‌ನ ಮಾಮೂಲಿ ಟೂಲ್ ಒಂದು ಫೋಲ್ಡರ್‌ಗೆ 2000 ಹೆಸರು ತೋರಿಸಿ ನಿಲ್ಲುತ್ತದೆ. ಆ ಮಿತಿ ಏರಿಸಬಹುದು, ಆದರೆ ಅಷ್ಟನ್ನೂ ಸ್ಕ್ರಾಲ್ ಮಾಡುವವರು ಯಾರು?

ಈಗ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಒಂದಾದ ಎಡಿ ಎಕ್ಸ್‌ಪ್ಲೋರರ್ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡಬೇಕಿಲ್ಲ. ಎಡಗಡೆ ಫೋಲ್ಡರ್‌ಗಳು, ಬಲಗಡೆ ಆ ಖಾತೆಯ ಒಂದೊಂದು ವಿವರ. ಸರ್ಚ್‌ನಲ್ಲಿ ‘ಡಿಪಾರ್ಟ್‌ಮೆಂಟ್’ ಆರಿಸಿ ಒಂದು ಪದ ಕೊಟ್ಟೆ. ಒಂದೇ ವಿಭಾಗದ ಹೆಸರನ್ನು ಮೂರು ಥರ ಟೈಪ್ ಮಾಡಿರುವುದು ಕಣ್ಣಿಗೆ ಬಿತ್ತು! “ಲ್ಯಾಬ್ ಲಿಸ್ಟಲ್ಲಿ ನನ್ ಹೆಸರೇ ಇಲ್ವಲ್ಲ ಸರ್” ಎಂದು ಮೇಡಂ ಒಬ್ಬರು ಎರಡು ವಾರದಿಂದ ಕೇಳುತ್ತಿದ್ದರು. ಕಾರಣ ಇದೇ: ಅವರ ವಿಭಾಗದ ಹೆಸರು ಲಿಸ್ಟ್‌ನದ್ದಕ್ಕಿಂತ ಬೇರೆ ಥರ ಟೈಪ್ ಆಗಿತ್ತು.

ನನಗೆ ತುಂಬಾ ಇಷ್ಟವಾದದ್ದು ಸ್ನ್ಯಾಪ್‌ಶಾಟ್. ಇವತ್ತಿನ ಡೈರೆಕ್ಟರಿಯ ಪ್ರತಿ ತೆಗೆದಿಟ್ಟು, ಮುಂದಿನ ತಿಂಗಳದ್ದರ ಜೊತೆ ಹೋಲಿಸಿ ನೋಡಬಹುದು.

ಒಂದು ಎಚ್ಚರಿಕೆ. ಇದರಲ್ಲಿ ವಿವರಗಳನ್ನು ತಿದ್ದಲೂಬಹುದು. ಸುಮ್ನೆ ನೋಡುವುದಕ್ಕೆ ಸಾಮಾನ್ಯ ಖಾತೆ ಸಾಕು, ಅಡ್ಮಿನ್ ಲಾಗಿನ್‌ನಲ್ಲಿ ತೆರೆಯಬೇಡಿ. ಸ್ನ್ಯಾಪ್‌ಶಾಟ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಓಡಾಡಲೂಬೇಡಿ. ಇಡೀ ಕಾಲೇಜಿನವರ ವಿವರ ಅದರಲ್ಲಿರುತ್ತದೆ, ಅಲ್ವಾ?