ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು ಅಂತ ನಂಬಿ ಕೆಟ್ಟೆ

ಹಿಮ ಬೀಳುವ ಕಡೆ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು, ಅದರಲ್ಲೂ ಈ ಚಳಿಗಾಲ ಓಡಿಸೋಣವಾ ನಿಲ್ಲಿಸಿಬಿಡೋಣವಾ ಅಂತ ಇನ್ನೂ ತೀರ್ಮಾನ ಮಾಡದವರು, ಇದನ್ನು ಓದಿ. ಎರಡರಲ್ಲಿ ಯಾವುದನ್ನೇ ಮಾಡಿದ್ದರೂ ನನ್ನ ಗಾಡಿ ಬಚಾವಾಗುತ್ತಿತ್ತು. ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟೆ.

ಗಾಡಿ 1972ರ ಎಂಜಿಬಿ ರೋಡ್‌ಸ್ಟರ್, ಟಾಪ್ ಇಳಿಸಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್. ಬ್ಯಾಟರಿ ಒಂದಲ್ಲ, 6 ವೋಲ್ಟಿನವು ಎರಡು. ಅವು ಕೂತಿರೋದು ಸೀಟಿನ ಹಿಂದೆ, ಕಾರ್ಪೆಟ್ ಕೆಳಗಿನ ಮುಚ್ಚಳದ ಒಳಗೆ. ಕಣ್ಣಿಗೆ ಬೀಳಲ್ಲ, ಹಾಗಾಗಿ ನೆನಪಿಗೂ ಬರಲ್ಲ. ಚಳಿ ಶುರುವಾದಾಗ ಗ್ಯಾರೇಜಿಗೆ ಹಾಕಿ, ಮೇಲೆ ನೀಲಿ ಪ್ಲಾಸ್ಟಿಕ್ ತಾಡಪಾಲು ಹೊದಿಸಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಕೈ ತೊಳೆದುಕೊಂಡೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದೆ. 'ಎಂಜಿನ್‌ಗೆ ಎಣ್ಣೆ ಆಡಬೇಕು, ಬ್ಯಾಟರಿ ಚಾರ್ಜ್ ಆಗಬೇಕು' ಅಂತ ಎಲ್ಲರೂ ಹೇಳುವ ಮಾತು. ನಿಜ ಹೇಳಬೇಕೆಂದರೆ, ಆ ಸದ್ದು ಕೇಳುವ ಚಪಲವೇ ಹೆಚ್ಚಿತ್ತು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೆ ಆಫ್ ಮಾಡಿದರೆ ಸೈಲೆನ್ಸರ್ ಒಳಗೆ, ಎಣ್ಣೆಯ ಒಳಗೆ ಅಲ್ಲೇ ಇಳಿದು ಕೂರುತ್ತದೆ. ಜನವರಿಯಲ್ಲಿ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ನೋಡಿದೆ. ಒಳಬದಿಗೆ ತಿಳಿ ಹಳದಿ ಕೆನೆ, ಬೆರಳಲ್ಲಿ ಬಳಿದು ತೆಗೆಯುವಷ್ಟು. ಎಂಜಿನ್ ತಂಪಿಡುವ ನೀರು ಎಣ್ಣೆಗೆ ಸೇರದಂತೆ ತಡೆಯುವ ಗ್ಯಾಸ್ಕೆಟ್ ಹೋಯಿತೇನೋ ಅಂತ ಎದೆ ಧಸಕ್ಕೆಂದಿತು. ಗ್ಯಾಸ್ಕೆಟ್ ಸರಿಯಾಗೇ ಇತ್ತು. ಅದು ನನ್ನ ಭಾನುವಾರಗಳ ನೀರು. ಬ್ಯಾಟರಿ ಕಥೆಯೂ ಇಷ್ಟೇ. ಚಳಿಯಲ್ಲಿ ಒಮ್ಮೆ ಸ್ಟಾರ್ಟ್ ಮಾಡಲು ಹೋದ ಕರೆಂಟು ಐದು ನಿಮಿಷದ ಐಡ್ಲಿಂಗ್‌ನಲ್ಲಿ ವಾಪಸ್ ಬರಲ್ಲ. ವಾರ ವಾರ ಸಾಲ ಬೆಳೆಯುತ್ತಾ ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಫೆಬ್ರುವರಿಯಲ್ಲಿ ಒಂದು ದಿನ ಒಳ್ಳೇ ಬಿಸಿಲು ಬಿತ್ತು. ಹಿಮ ಕರಗಿ ರಸ್ತೆ ಒಣಗಿತ್ತು, ಮೇಲೆ ತೆಳುವಾಗಿ ಬೆಳ್ಳಗೆ ಏನೋ ಪುಡಿ. ಒಣಗಿದೆಯಲ್ಲ, ಏನಾಗುತ್ತೆ ಅಂತ ಟಾಪ್ ಇಳಿಸಿಕೊಂಡು ಇಪ್ಪತ್ತು ನಿಮಿಷ ಸುತ್ತಿ ಬಂದೆ. ಆ ಬಿಳಿ ಪುಡಿಯೇ ಉಪ್ಪು. ನೆರಳಿದ್ದ ಕಡೆಯೆಲ್ಲ ಕರಗಿದ ನೀರು ಇನ್ನೂ ಹರಿಯುತ್ತಿತ್ತು, ಚಕ್ರಗಳು ಎರಡನ್ನೂ ಕಲಸಿ ಅಡಿಭಾಗಕ್ಕೆ ಎರಚಿದವು. ಮಂಜುಗಡ್ಡೆ ಕರಗಿಸಲು ಸುರಿಯುವ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಗಾಳಿಯಿಂದಲೇ ತೇವ ಹೀರಿಕೊಳ್ಳುತ್ತವೆ. ಒಮ್ಮೆ ಸಂದಿಗೆ ಸೇರಿದರೆ ಆ ಜಾಗ ಸರಿಯಾಗಿ ಒಣಗೋದೇ ಇಲ್ಲ.

ಮನೆಗೆ ಬಂದವನು ಅಡಿ ತೊಳೆಯಲಿಲ್ಲ. ನೀರು ಗಟ್ಟಿಯಾಗುತ್ತೆ ಅನ್ನೋ ನೆಪ. ಬದಲಿಗೆ, ಒಣಗಲಿ ಅಂತ ರಾತ್ರಿಯಿಡೀ ಹೀಟರ್ ಹಾಕಿಟ್ಟೆ! ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನಕ್ಕೆ ನಡೆಯುತ್ತದೆ, ಬೆಚ್ಚಗಾದರೆ ಓಡುತ್ತದೆ. ಉಪ್ಪು ನೀರು ಮೆತ್ತಿದ ಕಬ್ಬಿಣಕ್ಕೆ ಕಾವು ಕೊಟ್ಟು, ಮೇಲೆ ಮತ್ತೆ ತಾಡಪಾಲು ಹೊದಿಸಿ, ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆದು ಬಂದೆ. ಬೇಕೆಂದೇ ಹಾಳು ಮಾಡಲು ಹೊರಟವನೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರ.

ಏಪ್ರಿಲ್‌ನಲ್ಲಿ ತಾಡಪಾಲು ಎತ್ತಿದೆ. ಅದರ ಒಳಮೈಯಿಂದ ನೀರು ತೊಟ್ಟಿಕ್ಕಿತು. ಹಿಂದಿನ ಡ್ರಮ್‌ಗಳಲ್ಲಿ ಬ್ರೇಕ್ ಶೂ ಕಚ್ಚಿಕೊಂಡು ಗಾಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬ್ಯಾಟರಿಗಳಲ್ಲಿ ಒಂದು ಬಿರಿದಿತ್ತು. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟಲ್ಲ. ಖಾಲಿಯಾದದ್ದು ಸೊನ್ನೆಗಿಂತ ನಾಲ್ಕಾರು ಡಿಗ್ರಿ ಕೆಳಗೆ ಇಳಿದರೆ ಸಾಕು. ಸೋರಿದ ಆಸಿಡ್ ಕೆಳಗಿನ ತಗಡನ್ನು ತಿಂದಿತ್ತು. ಸೈಲೆನ್ಸರ್‌ನ ತಳದಲ್ಲಿ ತೂತು, ಒಳಗಿನಿಂದ ಹೊರಕ್ಕೆ.

ಇವೆಲ್ಲ ಬದಲಾಯಿಸಬಹುದಾದ ಸಾಮಾನು. ಹೊಟ್ಟೆ ಉರಿಸಿದ್ದು ಸಿಲ್. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಆ ಟೊಳ್ಳು ಪೆಟ್ಟಿಗೆ ಅಲಂಕಾರಕ್ಕಲ್ಲ. ಎಂಜಿಬಿಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ, ಇಲ್ಲ; ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲ. ಗಾಡಿಯ ಬೆನ್ನುಮೂಳೆ ಅಂತ ಇದ್ದರೆ ಇದೇ. ಎಡಗಡೆ ಸಿಲ್‌ನ ಹಿಂತುದಿಯಲ್ಲಿ ಪೇಂಟ್ ಎರಡು ಮೂರು ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿ ಇಟ್ಟು ಮೆತ್ತಗೆ ಒತ್ತಿದೆ. ಕರ್ರ್ ಅಂತ ಸಣ್ಣ ಸದ್ದು, ಹಿಡಿವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಕಂದು ಪುಡಿ ಕಾಲಬೆರಳ ಮೇಲೆ ಸುರಿಯಿತು. ಅಷ್ಟೂ ತುಕ್ಕು ಒಂದೇ ಚಳಿಗಾಲದ್ದು ಅಂತ ನಾನು ಹೇಳಲ್ಲ. ಒಳಗೆ ಮೊದಲೇ ಬೇರು ಬಿಟ್ಟಿತ್ತು, ನಾನು ನೀರು ಗೊಬ್ಬರ ಹಾಕಿದೆ. ಹಳೇ ಗಾಡಿಗಳೆಲ್ಲ ಹಾಗೇ ಇರುತ್ತವೆ, ನಿಮ್ಮದೂ ಇರಬಹುದು.

ಓಡಿಸುವುದೇ ಆದರೆ ಪೂರ್ತಿ ಓಡಿಸಿ. ಚಳಿಗೆ ಮುಂಚೆಯೇ ಟೊಳ್ಳು ಜಾಗಗಳಿಗೆಲ್ಲ ಮೇಣ ಸಿಂಪಡಿಸಿ. ಹೊರಟರೆ ಅರ್ಧ ಗಂಟೆಗೆ ಕಡಿಮೆ ಬೇಡ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಮೇಲೇರಿದ ಮಾತ್ರಕ್ಕೆ ಎಣ್ಣೆ ಕಾದಿದೆ ಅಂತಲ್ಲ, ಅದಕ್ಕೆ ಇನ್ನೂ ಹೊತ್ತು ಬೇಕು. ಬಂದ ಮೇಲೆ ಚಕ್ರದ ಗೂಡು, ಅಡಿ ಎಲ್ಲ ತೊಳೆದೇ ಒಳಗೆ ನಿಲ್ಲಿಸಿ. ಬೇಸಿಗೆ ಟೈರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ ಅನ್ನೋದೂ ತಲೆಯಲ್ಲಿರಲಿ. ಪೋರ್ಷೆ 911 ಇಟ್ಟುಕೊಂಡವರು 1976ರ ಮಾಡೆಲ್‌ನಿಂದ ನಮ್ಮದಕ್ಕೆ ಸತು ಲೇಪನ ಇದೆ ಅಂತ ಬೀಗುತ್ತಾರೆ. ಬೀಗಲಿ, ತಗಡಿಗೆ ಕೊಟ್ಟ ಸತು ಬೋಲ್ಟಿಗೂ ಬ್ರೇಕಿಗೂ ಕಾವಲಾಗಲ್ಲ.

ನನಗೆ ಅಷ್ಟು ತಾಳ್ಮೆಯಿಲ್ಲ, ಹಾಗಾಗಿ ಈ ಸಲ ನಿಲ್ಲಿಸಿದ್ದೇನೆ. ಹಳೇ ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ, ಅದಕ್ಕೇ ವಸಂತಕ್ಕೆ ಕಾಯದೆ ನಿಲ್ಲಿಸುವ ಮುಂಚೆಯೇ ಬದಲಾಯಿಸಿದೆ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿ, ಅದು ಕಾರ್ಬ್ಯುರೇಟರ್‌ವರೆಗೂ ತಲುಪಲಿ ಅಂತ ಒಂದು ಸುತ್ತು ಓಡಿಸಿದೆ. ಎಂಜಿನ್ ತಂಪಿಡುವ ನೀರಿಗೆ ಸಮ ಪಾಲು ಕೂಲಂಟ್ ಬೆರೆಸಿದೆ, ಮೈನಸ್ 37ರ ಹತ್ತಿರದವರೆಗೂ ಹೆಪ್ಪುಗಟ್ಟದಂತೆ ತಡೆಯುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನೆ. ಮೇಲೆ ಉಸಿರಾಡುವ ಬಟ್ಟೆಯ ಹೊದಿಕೆ. ಇಲಿ ನುಗ್ಗದಿರಲಿ ಅಂತ ಸೈಲೆನ್ಸರ್ ಬಾಯಿಗೆ ಉಕ್ಕಿನ ನಾರು. ತಾಡಪಾಲು ಈಗ ಗಾಡಿಯ ಅಡಿಗಿದೆ, ನೆಲದ ತೇವ ಮೇಲೆ ಬರದ ಹಾಗೆ.

ಎರಡೂ ಬ್ಯಾಟರಿ ಬಿಚ್ಚಿ ಮನೆಯೊಳಗೆ ಚಾರ್ಜರ್‌ಗೆ ಹಾಕಿದ್ದೇನೆ. ಭಾನುವಾರ ಬೆಳಿಗ್ಗೆ ಕೈ ಎಷ್ಟೇ ತುರಿಸಿದರೂ, ಕೀಲಿ ತಿರುಗಿಸಿದರೆ ಕಟಕ್ ಅಂತಲೂ ಸದ್ದು ಬರಲ್ಲ.